ಎದೆಬಡಿತ ಏರುಪೇರಾದವರಿಗೆ ಲಕ್ವ ಹೊಡೆಯದಂತೆ ನಾನು ಮಾಡುತ್ತಿರುವುದು

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ಫಿಸಿಷಿಯನ್. ಬಿಪಿ, ಶುಗರ್ ಅಂತ ಬರುವವರಲ್ಲಿ 65 ದಾಟಿದ ಎಲ್ಲರ ಕೈ ಹಿಡಿದು ನಾಡಿ ನೋಡುತ್ತೇನೆ. ಪೂರ್ತಿ ಒಂದು ನಿಮಿಷ. ಬಡಿತಗಳ ನಡುವಿನ ಅಂತರ ಯಾವ ಲೆಕ್ಕಕ್ಕೂ ಸಿಗದಿದ್ದರೆ ಆಗಲೇ ಇಸಿಜಿ ತೆಗೆಸುತ್ತೇನೆ. ಹೀಗೆ ಬಡಿತ ಏರುಪೇರಾಗುವ ತೊಂದರೆಗೆ ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಅದು ಇರುವ ಎಷ್ಟೋ ಜನರಿಗೆ ಎದೆ ಡವಡವ ಅನ್ನುವುದೇ ಇಲ್ಲ. ಕೆಲವರಿಗೆ ಲಕ್ವ ಹೊಡೆದ ಮೇಲೆಯೇ ಗೊತ್ತಾಗುತ್ತದೆ.

ಈ ತೊಂದರೆಯಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡುವುದಿಲ್ಲ, ಸುಮ್ನೆ ಅದುರುತ್ತಿರುತ್ತವೆ. ಎಡಗಡೆ ಕೋಣೆಗೆ ಅಂಟಿಕೊಂಡ ಸಣ್ಣ ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವ. ಅದರ ಅಪಾಯ ಇವರಿಗೆ ಸುಮಾರು 5 ಪಟ್ಟು ಜಾಸ್ತಿ. ಸರಿಯಾದ ಮಾತ್ರೆ ಬಿಡದೆ ತೆಗೆದುಕೊಂಡರೆ ಅದರಲ್ಲಿ ಮೂರನೇ ಎರಡು ಪಾಲು ತಪ್ಪುತ್ತದೆ.

"ರಕ್ತ ತೆಳು ಮಾಡೋ ಮಾತ್ರೆ ತಗೋತಿದೀನಲ್ಲ ಡಾಕ್ಟ್ರೇ" ಅನ್ನುತ್ತಾರೆ. ಚೀಟಿ ನೋಡಿದರೆ ಆಸ್ಪಿರಿನ್ 75. ಈ ಹೆಪ್ಪಿಗೆ ಆಸ್ಪಿರಿನ್ ಸಾಲದು. ವಯಸ್ಸಾದವರಲ್ಲಿ ರಕ್ತಸ್ರಾವ ಮಾತ್ರ ಅದರಿಂದಲೂ ಆಗುತ್ತದೆ. ಸ್ಟೆಂಟ್ ಹಾಕಿಸಿಕೊಂಡವರ ವಿಷಯ ಬೇರೆ, ಅವರು ಹೃದಯದ ಡಾಕ್ಟರನ್ನು ಕೇಳದೆ ಅದನ್ನು ಬಿಡಬಾರದು.

ನಮ್ಮ ಕಡೆ ಇನ್ನೊಂದು ಗುಂಪಿದೆ. ಚಿಕ್ಕಂದಿನಲ್ಲಿ ರುಮ್ಯಾಟಿಕ್ ಜ್ವರ ಬಂದು ಹೃದಯದ ಎಡಗಡೆಯ ಮೈಟ್ರಲ್ ವಾಲ್ವ್ ಕಿರಿದಾದ ಹೆಣ್ಣುಮಕ್ಕಳು. ಬಡಿತವೂ ತಪ್ಪಿದರೆ ಇವರಿಗೆ ಹೆಪ್ಪುಗಟ್ಟದಂತೆ ತಡೆಯುವ ಹಳೆಯ ಮಾತ್ರೆಗಳಾದ ವಾರ್ಫರಿನ್ ಇಲ್ಲವೇ ಅಸಿಟ್ರೋಮ್ ಕೊಡುತ್ತೇನೆ. "ಹೊಸ ಮಾತ್ರೆ ಕೊಡಿ, ಪದೇ ಪದೇ ರಕ್ತ ಪರೀಕ್ಷೆ ಯಾಕೆ" ಎಂದು ಕೇಳುತ್ತಾರೆ. 2022ರಲ್ಲಿ ಬಂದ ಇನ್ವಿಕ್ಟಸ್ ಅಧ್ಯಯನದಲ್ಲಿ ಇಂಥ ರೋಗಿಗಳನ್ನೇ ನೋಡಿದ್ದರು. ಹೊಸ ಮಾತ್ರೆಗಳಲ್ಲೊಂದಾದ ರಿವರಾಕ್ಸಬಾನ್ ತೆಗೆದುಕೊಂಡವರಿಗಿಂತ ಹಳೆಯ ಮಾತ್ರೆಯವರಲ್ಲಿ ಸಾವು ಕಡಿಮೆ ಇತ್ತು. ಹಾಗಾಗಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ತೋರಿಸುವ ಐಎನ್‌ಆರ್ ಪರೀಕ್ಷೆ ಬಿಡುವಂತಿಲ್ಲ. ಅದು 2ರಿಂದ 3ರ ನಡುವೆ ಇರಬೇಕು. ಪ್ರತಿಯೊಬ್ಬರಿಗೂ ಒಂದು ಪುಟ್ಟ ನೋಟ್‌ಬುಕ್ ಕೊಟ್ಟಿದ್ದೇನೆ. ತಾರೀಕು, ಐಎನ್‌ಆರ್, ಎಷ್ಟು ಮಾತ್ರೆ, ಇಷ್ಟೇ ಅದರಲ್ಲಿ. ಮಗು ಬೇಕೆಂದಿರುವವರು ಮೊದಲೇ ತಿಳಿಸಬೇಕೆಂದು ಒತ್ತಿ ಹೇಳುತ್ತೇನೆ, ಯಾಕೆಂದರೆ ವಾರ್ಫರಿನ್ ಗರ್ಭದಲ್ಲಿನ ಮಗುವಿಗೆ ತೊಂದರೆ ಮಾಡಬಲ್ಲದು.

ಸೊಪ್ಪಿನ ಮಾತು ಬಂದೇ ಬರುತ್ತದೆ, ಯಾಕೆಂದರೆ ಅದರಲ್ಲಿರುವ ವಿಟಮಿನ್ ಕೆ ಈ ಹಳೆಯ ಮಾತ್ರೆಗಳ ಬಲ ತಗ್ಗಿಸುತ್ತದೆ. ಸೊಪ್ಪು ಮುಟ್ಟಲೇಬೇಡಿ ಎಂದು ಯಾರೋ ಹೆದರಿಸಿರುತ್ತಾರೆ. ಬಸ್ಸಾರು ಇಲ್ಲದೆ ನಮ್ಮವರ ಮುದ್ದೆ ಇಳಿಯುತ್ತದೆಯೇ? ನಾನು ಹೇಳುವುದು ಇಷ್ಟು: "ವಾರಕ್ಕೆ ಎಷ್ಟು ಸಲ ತಿನ್ನುತ್ತೀರೋ ಹಾಗೇ ತಿನ್ನಿ. ಒಮ್ಮೆಗೇ ಜಾಸ್ತಿನೂ ಮಾಡಬೇಡಿ, ಬಿಡಲೂ ಬೇಡಿ. ಮಾತ್ರೆ ಹೊಂದಿಸೋದು ನನ್ನ ಕೆಲಸ."

ವಾಲ್ವ್ ತೊಂದರೆ ಇಲ್ಲದವರಿಗೆ ವಯಸ್ಸು, ಬಿಪಿ, ಶುಗರ್, ಹಿಂದೆ ಲಕ್ವ ಆಗಿತ್ತೇ ಎಂಬುದಕ್ಕೆಲ್ಲ ಅಂಕ ಹಾಕಿ ಮಾತ್ರೆ ಬೇಕೋ ಬೇಡವೋ ಎಂದು ನಿರ್ಧರಿಸುತ್ತೇನೆ. ಹೆಚ್ಚಿನವರಿಗೆ ಹೊಸ ಮಾತ್ರೆಗಳಾದ ಅಪಿಕ್ಸಬಾನ್, ರಿವರಾಕ್ಸಬಾನ್, ಡಾಬಿಗಟ್ರಾನ್‌ಗಳಲ್ಲಿ ಒಂದು. ಬೇರೆ ಕಂಪನಿಗಳೂ ಮಾಡತೊಡಗಿದ ಮೇಲೆ ಬೆಲೆ ಇಳಿದಿದೆ. ಇವಕ್ಕೆ ಐಎನ್‌ಆರ್ ಬೇಡ, ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಮಾತ್ರ ಆಗಾಗ ನೋಡಬೇಕು. ರಿವರಾಕ್ಸಬಾನನ್ನು ಊಟದ ಜೊತೆಗೇ ನುಂಗಬೇಕು. ಡಾಬಿಗಟ್ರಾನ್ ಕ್ಯಾಪ್ಸೂಲ್ ಬಿಡಿಸಬಾರದು, ಬೇರೆ ಡಬ್ಬಿಗೂ ಹಾಕಬಾರದು.

ನನಗೆ ದೊಡ್ಡ ಚಿಂತೆ ಮಾತ್ರೆ ಬಿಡುವವರದು. ಈ ಹೊಸ ಮಾತ್ರೆಗಳ ಬಲ ಒಂದೆರಡು ದಿನದಲ್ಲೇ ಇಳಿದುಬಿಡುತ್ತದೆ. "ಚೆನ್ನಾಗಿದೀನಲ್ಲ, ಯಾಕೆ ಬೇಕು" ಎಂದು ಬಿಡುತ್ತಾರೆ. ಹಲ್ಲು ಕೀಳಿಸಬೇಕೆಂದು ವಾರಗಟ್ಟಲೆ ಬಿಡುತ್ತಾರೆ. ಒಂದು ಹಲ್ಲಿಗೆ ಸಾಮಾನ್ಯವಾಗಿ ಅಷ್ಟೆಲ್ಲ ಬೇಕಿಲ್ಲ. ದಂತವೈದ್ಯರಿಗೆ ನಾನೇ ಫೋನ್ ಮಾಡಿ ಮಾತಾಡುತ್ತೇನೆ. ಮಂಡಿನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವುದಂತೂ ಇನ್ನೂ ಅಪಾಯ, ಹೊಟ್ಟೆಯಲ್ಲಿ ರಕ್ತ ಸೋರುತ್ತದೆ. ಮಲ ಕಪ್ಪಾದರೆ, ಬಿದ್ದು ತಲೆಗೆ ಪೆಟ್ಟಾದರೆ ರಾತ್ರಿಯಾದರೂ ಬನ್ನಿ ಎಂದಿದ್ದೇನೆ.

ಮನೆಯವರನ್ನೂ ಒಮ್ಮೆ ಕೂರಿಸಿಕೊಂಡು ಹೇಳುತ್ತೇನೆ. ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ನನ್ನ ಕ್ಲಿನಿಕ್‌ಗೆ ಬರಬೇಡಿ. 108ಕ್ಕೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆಯ ಗಡುವಿದೆ. ಮಾತ್ರೆಯ ಸ್ಟ್ರಿಪ್ ಜೊತೆಗಿರಲಿ. ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ನುಂಗಿದರು ಎಂದು ಅಲ್ಲಿಯ ಡಾಕ್ಟರಿಗೆ ಹೇಳಿ, ಆ ಇಂಜೆಕ್ಷನ್ ಕೊಡಬಹುದೋ ಇಲ್ಲವೋ ಎನ್ನುವುದು ಅದರ ಮೇಲೂ ನಿಂತಿರುತ್ತದೆ.