ರಿವಾಲ್ವರ್ ಬೇಟೆಗೆ ದೊಡ್ಡ ತೋಟಾ: ಆರಿಸುವುದು ಹೇಗೆ, ಪಳಗುವುದು ಹೇಗೆ

ಅಮೆರಿಕದಲ್ಲಿ ರಿವಾಲ್ವರ್ ಹಿಡಿದು ಜಿಂಕೆ, ಕಾಡುಹಂದಿ ಅಥವಾ ಎಲ್ಕ್ (ಒಂದು ಬಗೆಯ ದೊಡ್ಡ ಜಿಂಕೆ) ಬೇಟೆಗೆ ಹೊರಡಲು ಬಯಸುವ ಹೊಸಬರು ಎಲ್ಲಕ್ಕಿಂತ ಮೊದಲು ಕೇಳುವುದು ಅತ್ಯಂತ ಶಕ್ತಿಶಾಲಿ ತೋಟಾ ಯಾವುದು ಎಂದು. ಈ ಪ್ರಶ್ನೆಗೆ ಉತ್ತರ ಸುಲಭ, ಅದರ ಉಪಯೋಗ ಕಡಿಮೆ. ಯಾವ ಪ್ರಾಣಿಗೆ, ಎಷ್ಟು ದೂರದಿಂದ, ಯಾರ ಕೈಯಿಂದ ಎಂಬ ಮೂರು ವಿಷಯಗಳು ಇತ್ಯರ್ಥವಾದ ಮೇಲೆ ತೋಟಾದ ಆಯ್ಕೆ ಹೆಚ್ಚುಕಡಿಮೆ ತಾನಾಗಿಯೇ ಮುಗಿಯುತ್ತದೆ, ಮತ್ತು ಹಾಗೆ ಉಳಿಯುವ ತೋಟಾ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿರುವ ಅತಿ ದೊಡ್ಡದಕ್ಕಿಂತ ಬಹಳ ಸಲ ಒಂದೆರಡು ಮೆಟ್ಟಿಲು ಕೆಳಗಿನದೇ ಆಗಿರುತ್ತದೆ.

ಮೊದಲು ಗುಂಡು, ಆಮೇಲೆ ತೋಟಾ

ತೋಟಾ ಎಂದರೆ ಕೇಸು ಎಂಬ ಲೋಹದ ಕೊಳವೆ, ಅದರೊಳಗಿನ ಮದ್ದು, ಬಾಯಿಯಲ್ಲಿ ಕೂತ ಗುಂಡು ಎಲ್ಲ ಸೇರಿದ್ದು; ನಳಿಗೆಯಿಂದ ಹೊರಹೋಗುವುದು ಗುಂಡು ಮಾತ್ರ. ರಿವಾಲ್ವರ್‌ನಿಂದ ಹೊರಡುವ ಗುಂಡು ಸಾಮಾನ್ಯವಾಗಿ ಸೆಕೆಂಡಿಗೆ 1,000ದಿಂದ 1,600 ಅಡಿ ವೇಗದಲ್ಲಿ ಸಾಗುತ್ತದೆ. ರೈಫಲ್ ಗುಂಡು ಇದರ ಇಮ್ಮಡಿ ವೇಗದಲ್ಲಿ ಹೋಗುವುದರಿಂದ ತಾನು ಹಾದುಹೋದ ದಾರಿಯ ಸುತ್ತಲಿನ ಅಂಗಾಂಶವನ್ನೂ ಹರಿದುಹಾಕುತ್ತದೆ; ರಿವಾಲ್ವರ್ ಗುಂಡು ಬಹುಮಟ್ಟಿಗೆ ತಾನು ಮುಟ್ಟಿದ್ದನ್ನು ಮಾತ್ರ ಕೆಡಿಸುತ್ತದೆ. ಆದ್ದರಿಂದ ಇಲ್ಲಿ ಲೆಕ್ಕಕ್ಕೆ ಬರುವುದು ರಂಧ್ರ ಎಷ್ಟು ಅಗಲ, ಎಷ್ಟು ಆಳ, ಅದು ಶ್ವಾಸಕೋಶ ಮತ್ತು ಹೃದಯದ ಮೂಲಕ ಹಾದುಹೋಗಿದೆಯೇ ಎಂಬುದಷ್ಟೇ. ಡಬ್ಬಿಯ ಮೇಲೆ ಅಚ್ಚಾಗಿರುವ ಶಕ್ತಿಯ ಅಂಕಿ, ಅಂದರೆ ಅಡಿ-ಪೌಂಡ್‌ಗಳ ಲೆಕ್ಕ, ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಹಗುರವಾದ ವೇಗದ ಗುಂಡನ್ನು ಹೆಚ್ಚಿಗೆ ಹೊಗಳುತ್ತದೆ, ಭಾರವಾದ ನಿಧಾನದ ಗುಂಡಿಗೆ ಅನ್ಯಾಯ ಮಾಡುತ್ತದೆ. ಆ ಅಂಕಿಯೊಂದನ್ನೇ ನಂಬಿ ತೋಟಾ ಕೊಳ್ಳುವುದು ಬೇಡ.

ಜಿಂಕೆಯ ಗಾತ್ರದ ಪ್ರಾಣಿಗೆ, ಪಕ್ಕೆಲುಬಿನ ಮೇಲೆ ಅಡ್ಡವಾಗಿ ಹೊಡೆಯುವುದಾದರೆ, ತುದಿ ಟೊಳ್ಳಾದ ಕವಚದ ಗುಂಡು ಸಾಕು. ಅದು ಒಳಗೆ ಅರಳಿ ರಂಧ್ರವನ್ನು ಅಗಲ ಮಾಡುತ್ತದೆ. ಎಲ್ಕ್, ಮೂಸ್, ದೊಡ್ಡ ಗಂಡು ಹಂದಿಗಳಂತಹ ದಪ್ಪ ಮೂಳೆಯ ಪ್ರಾಣಿಗಳಿಗೆ ಗಟ್ಟಿ ಸೀಸದ ಮಿಶ್ರಲೋಹದಿಂದ ಎರಕ ಹೊಯ್ದ, ಮೂತಿ ಅಗಲವಾಗಿ ಚಪ್ಪಟೆಯಾಗಿರುವ ಭಾರದ ಗುಂಡು ಉತ್ತಮ. ಇಂಥ ಗುಂಡು ಅರಳುವುದಿಲ್ಲ, ಆದರೆ ನೆಟ್ಟಗೆ ಸಾಗುತ್ತದೆ, ಭುಜದ ಮೂಳೆ ಅಡ್ಡ ಬಂದರೂ ಅದನ್ನು ಮುರಿದು ಎದೆಯೊಳಗೆ ಹೋಗುತ್ತದೆ, ಬಹಳ ಸಲ ಆಚೆ ಬದಿಯಿಂದ ಹೊರಬರುತ್ತದೆ. ಎರಡು ಕಡೆ ರಂಧ್ರವಾದರೆ ನೆಲದ ಮೇಲೆ ರಕ್ತದ ಜಾಡು ಚೆನ್ನಾಗಿ ಬೀಳುತ್ತದೆ. ಸಂಜೆ ಮಬ್ಬಿನಲ್ಲಿ ಪೊದೆಗಳ ನಡುವೆ ಪ್ರಾಣಿಯನ್ನು ಹುಡುಕಬೇಕಾಗಿ ಬಂದಾಗ ಇದರ ಬೆಲೆ ತಿಳಿಯುತ್ತದೆ. ಪೂರ್ತಿ ತಾಮ್ರದ ಗುಂಡುಗಳು ಅರಳುವಿಕೆ ಮತ್ತು ಆಳ ಎರಡನ್ನೂ ಚೆನ್ನಾಗಿ ನಿಭಾಯಿಸುತ್ತವೆ, ಆದರೆ ಒಂದೇ ತೂಕದ ಸೀಸದ ಗುಂಡಿಗಿಂತ ಉದ್ದವಾಗಿದ್ದು ಕೇಸಿನೊಳಗೆ ಹೆಚ್ಚು ಜಾಗ ತಿನ್ನುತ್ತವೆ.

ಯಾವ ತೋಟಾ, ಯಾವ ಕೆಲಸಕ್ಕೆ

ತೋಟಾದ ಹೆಸರಿನಲ್ಲಿರುವ ಅಂಕಿ ಗುಂಡಿನ ವ್ಯಾಸವನ್ನು ಹೆಚ್ಚುಕಡಿಮೆ ಇಂಚಿನ ಲೆಕ್ಕದಲ್ಲಿ ಹೇಳುತ್ತದೆ. 1935ರಲ್ಲಿ ಬಂದ .357 ಮ್ಯಾಗ್ನಮ್ ಈ ಬರಹದ ವ್ಯಾಪ್ತಿಗೆ ಕೆಳಗಿನ ಗಡಿ. ಹತ್ತಿರದ ಜಿಂಕೆಗೆ, ನುರಿತ ಕೈಯಲ್ಲಿ ಅದು ಸಾಕಾಗುತ್ತದೆ ಎನ್ನುವವರಿದ್ದಾರೆ. ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ. 1964ರಲ್ಲಿ ಬಂದ .41 ಮ್ಯಾಗ್ನಮ್ ನಿಜಕ್ಕೂ ಒಳ್ಳೆಯ ಬೇಟೆ ತೋಟಾ, ಆದರೆ ಅಕ್ಕನ ನೆರಳಿನಲ್ಲಿ ಬೆಳೆದ ತಂಗಿಯಂತೆ ಅದಕ್ಕೆ ಸಲ್ಲಬೇಕಾದ ಗಮನ ಸಿಗಲಿಲ್ಲ, ತೋಟಾಗಳ ವೈವಿಧ್ಯವೂ ಕಡಿಮೆ.

ಆ ನೆರಳು .44 ಮ್ಯಾಗ್ನಮ್‌ನದು. ಐಡಾಹೋದ ಸಾಲ್ಮನ್ ಊರಿನಲ್ಲಿದ್ದ ಬಂದೂಕು ಬರಹಗಾರ ಎಲ್ಮರ್ ಕೀತ್ ವರ್ಷಗಟ್ಟಲೆ .44 ಸ್ಪೆಷಲ್ ಎಂಬ ಹಳೆಯ, ಕಡಿಮೆ ಬಲದ ತೋಟಾದ ಕೇಸಿನಲ್ಲಿ ಹೆಚ್ಚು ಮದ್ದು ತುಂಬಿ ಪ್ರಯೋಗ ನಡೆಸಿ, ತಯಾರಕರ ಬೆನ್ನುಬಿದ್ದ ಫಲವಾಗಿ, ಸ್ಮಿತ್ ಆ್ಯಂಡ್ ವೆಸನ್ ರಿವಾಲ್ವರನ್ನೂ ರೆಮಿಂಗ್ಟನ್ ತೋಟಾವನ್ನೂ ರೂಪಿಸಿದವು. 1955ರ ಕೊನೆಗೆ ಸಿದ್ಧವಾದ ಅದು 1956ರಲ್ಲಿ ಜನರ ಕೈಗೆ ಬಂತು. ಹೆಸರಿನಲ್ಲಿ .44 ಇದ್ದರೂ ಗುಂಡಿನ ವ್ಯಾಸ .429ರಿಂದ .430 ಇಂಚು. ಹೊಸ ಕೇಸನ್ನು ಸ್ಪೆಷಲ್‌ಗಿಂತ ಇಂಚಿನ ಎಂಟನೇ ಒಂದು ಭಾಗದಷ್ಟು ಉದ್ದ ಮಾಡಿದ್ದು ಹಳೆಯ ಸ್ಪೆಷಲ್ ರಿವಾಲ್ವರ್‌ಗಳಲ್ಲಿ ಅದು ಸೇರದಿರಲಿ ಎಂದು. ಸ್ಪೆಷಲ್ ತೋಟಾ ಮಾತ್ರ ಮ್ಯಾಗ್ನಮ್ ರಿವಾಲ್ವರ್‌ನಲ್ಲಿ ನಿರಾತಂಕವಾಗಿ ನಡೆಯುತ್ತದೆ. ಕಾರ್ಖಾನೆಯ ಸಾಮಾನ್ಯ ಬೇಟೆ ತೋಟಾವೊಂದರಲ್ಲಿ 240 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 1,350 ಅಡಿಯಂತೆ ಹೊರಟು, 100 ಗಜ ತಲುಪುವಷ್ಟರಲ್ಲಿ ಸುಮಾರು 1,080 ಅಡಿಗೆ ಇಳಿಯುತ್ತದೆ. ಶಕ್ತಿ 970ರಿಂದ 620 ಅಡಿ-ಪೌಂಡ್‌ಗೆ ಕುಸಿಯುತ್ತದೆ. 50 ಗಜಕ್ಕೆ ಸೊನ್ನೆ ಮಾಡಿದ್ದರೆ, ಅಂದರೆ ಆ ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದ್ದರೆ, 100 ಗಜದಲ್ಲಿ ಗುಂಡು ಐದಾರು ಇಂಚು ಕೆಳಗೆ ಬೀಳುತ್ತದೆ. ಜಿಂಕೆ, ಹಂದಿ, ಕರಿಕರಡಿಗಳಿಗೆ ಇದು ಸಾಕಷ್ಟಾಯಿತು. 300 ಗ್ರೇನ್ ಆಸುಪಾಸಿನ ಗಟ್ಟಿ ಗುಂಡು ಹಾಕಿದರೆ ಹತ್ತಿರದ ಎಲ್ಕ್‌ಗೂ ಸಾಲುತ್ತದೆ. ನೂರಕ್ಕೆ ತೊಂಬತ್ತು ಜನರ ಹುಡುಕಾಟ ಇಲ್ಲಿಗೇ ನಿಲ್ಲಬೇಕು ಎಂಬುದು ನನ್ನ ಅಭಿಪ್ರಾಯ.

.45 ಕೋಲ್ಟ್ 1873ರ ತೋಟಾ, ಆದರೂ ಬೇಟೆಯಲ್ಲಿ ಜೀವಂತವಾಗಿದೆ. ಇಲ್ಲಿ ಒಂದು ನಿಜವಾದ ಅಪಾಯವಿದೆ. ಈ ತೋಟಾದ ಅಧಿಕೃತ ಒತ್ತಡದ ಮಿತಿ ಚದರ ಇಂಚಿಗೆ 14,000 ಪೌಂಡ್ ಮಾತ್ರ; .44 ಮ್ಯಾಗ್ನಮ್‌ಗೆ ಅದು 36,000. ಆದರೆ ರೂಗರ್ ಬ್ಲ್ಯಾಕ್‌ಹಾಕ್‌ನಂತಹ ದಪ್ಪ ಸಿಲಿಂಡರಿನ (ತೋಟಾಗಳು ಕೂರುವ, ತಿರುಗುವ ಉರುಳೆಯ) ರಿವಾಲ್ವರ್‌ಗಳಿಗೆಂದೇ ಹಳೆಯ ಮಿತಿಯ ಇಮ್ಮಡಿಗೂ ಹೆಚ್ಚಿನ ಒತ್ತಡದ ತೋಟಾಗಳನ್ನು ಕೆಲವು ತಯಾರಕರು ಮಾರುತ್ತಾರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಳತೆ, ಒಂದೇ ಹೆಸರು. ಹಳೆಯ ಮಾದರಿಯ ಸಿಂಗಲ್ ಆ್ಯಕ್ಷನ್ (ಪ್ರತಿ ಸಲ ಹ್ಯಾಮರ್ ಎಂಬ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಎಳೆಯಬೇಕಾದ) ಕೋಲ್ಟ್ ಅಥವಾ ಅದರ ನಕಲಿನೊಳಗೂ ಯಾವ ತಡೆಯೂ ಇಲ್ಲದೆ ಕೂರುತ್ತವೆ, ಹೊಡೆದರೆ ಸಿಲಿಂಡರ್ ಒಡೆಯಬಹುದು. ಇಂಥ ತೋಟಾಗಳನ್ನು ಅವುಗಳ ಮೂಲ ಡಬ್ಬಿಯಿಂದ ಬೇರೆ ಮಾಡಬಾರದು, ಎರಡು ಬಗೆಯ .45 ರಿವಾಲ್ವರ್ ಇರುವ ಮನೆಯಲ್ಲಂತೂ ಬಿಡಿ ತೋಟಾಗಳು ಡ್ರಾಯರಿನಲ್ಲಿ ಸೇರಲೇಬಾರದು.

ಅದೇ .45 ಕೇಸನ್ನು ಬಲಪಡಿಸಿ ಉದ್ದಗೊಳಿಸಿದ್ದು .454 ಕ್ಯಾಸಲ್. ಬಂದೂಕು ತಯಾರಕ ಡಿಕ್ ಕ್ಯಾಸಲ್ ಮತ್ತು ಜೊತೆಗಾರರು 1950ರ ದಶಕದ ಕೊನೆಯಲ್ಲಿ ರೂಪಿಸಿದ ಇದಕ್ಕೆ ಸರಿಯಾದ ರಿವಾಲ್ವರ್ ಸಿಕ್ಕಿದ್ದು 1983ರಲ್ಲಿ, ವಯೋಮಿಂಗ್‌ನ ಫ್ರೀಡಮ್ ಆರ್ಮ್ಸ್ ಐದು ಗುಂಡಿನ ರಿವಾಲ್ವರ್ ತಂದಾಗ. 300 ಗ್ರೇನ್ ಗುಂಡನ್ನು ಇದು 1,600 ಅಡಿಗೂ ಮೀರಿದ ವೇಗದಲ್ಲಿ ಓಡಿಸುತ್ತದೆ. ಅದಕ್ಕೆ ತೆರುವ ಬೆಲೆ ಒದೆತ: ಸರಿಸುಮಾರು ಒಂದೇ ತೂಕದ ರಿವಾಲ್ವರ್‌ಗಳಲ್ಲಿ ಲೆಕ್ಕ ಹಾಕಿದರೆ .44ರ ಸುಮಾರು ಇಮ್ಮಡಿ ಹಿನ್ನೊದೆತದ ಶಕ್ತಿ ಬರುತ್ತದೆ. .454 ಕೊಂಡವರಲ್ಲಿ ಬಹಳ ಮಂದಿ ವರ್ಷದ ಬಹುಪಾಲು ಅದರಲ್ಲಿ .45 ಕೋಲ್ಟ್ ತೋಟಾವನ್ನೇ ಹೊಡೆಯುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ಚಿಕ್ಕ ಕೇಸುಗಳು ಸಿಲಿಂಡರಿನ ಕೋಣೆಯೊಳಗೆ ಮಸಿಯ ಉಂಗುರವನ್ನು ಬಿಡುತ್ತವೆ. ಅದನ್ನು ಹಿತ್ತಾಳೆ ಬ್ರಷ್ಷಿನಿಂದ ಚೆನ್ನಾಗಿ ಉಜ್ಜದೆ ಉದ್ದ ತೋಟಾ ತುರುಕಿದರೆ ಒಳಗೆ ಹೋಗುವುದಕ್ಕೂ, ಹೊಡೆದ ಮೇಲೆ ಹೊರಬರುವುದಕ್ಕೂ ಕಷ್ಟವಾಗುತ್ತದೆ.

ಇದಕ್ಕಿಂತ ಅಗಲವಾದ ಗುಂಡನ್ನು ಸಹನೀಯ ಒದೆತದಲ್ಲಿ ಬಯಸುವವರು .480 ರೂಗರ್ ನೋಡಬೇಕು. ಬಂದೂಕು ತಯಾರಕ ಜಾನ್ ಲೈನ್‌ಬಾ 1980ರ ದಶಕದಲ್ಲಿ .45-70 ರೈಫಲ್ ಕೇಸನ್ನು ಕತ್ತರಿಸಿ ಮಾಡಿದ .475 ಲೈನ್‌ಬಾದ ಗಿಡ್ಡ ರೂಪ ಇದು. 2001ರಲ್ಲಿ ತೋಟಾ ತಯಾರಕ ಹಾರ್ನಡಿ ಮತ್ತು ರಿವಾಲ್ವರ್ ತಯಾರಕ ರೂಗರ್ ಸೇರಿ ತಂದವು. .475 ಇಂಚಿನ 325 ಗ್ರೇನ್ ಗುಂಡು 1,350 ಅಡಿ ವೇಗದಲ್ಲಿ ಹೋಗುತ್ತದೆ, ಒತ್ತಡದ ಮಿತಿ .454ರ 65,000ದ ಬದಲು 48,000. .44ರಿಂದ ನಿಜವಾಗಿಯೂ ಮೇಲೇರಬೇಕಾದ ಅಗತ್ಯವಿದ್ದವರಿಗೆ ನಾನು ಮೊದಲು ಹೇಳುವುದು ಇದನ್ನೇ, ಆದರೆ ಇದರ ತೋಟಾ ಎಲ್ಲ ಅಂಗಡಿಗಳಲ್ಲಿ ಸಿಗುವುದಿಲ್ಲ.

ಕೊನೆಯ ಎರಡು ಸ್ಮಿತ್ ಆ್ಯಂಡ್ ವೆಸನ್‌ನ ದೈತ್ಯರು. 2003ರ .500 ಮ್ಯಾಗ್ನಮ್ ಅರ್ಧ ಇಂಚು ವ್ಯಾಸದ ಗುಂಡನ್ನು 2,500 ಅಡಿ-ಪೌಂಡ್ ಮಟ್ಟದ ಶಕ್ತಿಯಲ್ಲಿ ಎಸೆಯುತ್ತದೆ; 2005ರ .460 ಮ್ಯಾಗ್ನಮ್ 200 ಗ್ರೇನ್ ಗುಂಡನ್ನು 2,300 ಅಡಿ ವೇಗಕ್ಕೆ ಒಯ್ಯುವುದರಿಂದ ದೂರದಲ್ಲಿ ಕಡಿಮೆ ಬಾಗುತ್ತದೆ, ಜೊತೆಗೆ .454 ಮತ್ತು .45 ಕೋಲ್ಟ್ ಎರಡನ್ನೂ ಉಣ್ಣುತ್ತದೆ. ಉದ್ದ ನಳಿಗೆಯ ಮಾದರಿಗಳು ಎರಡು ಕಿಲೋ ಆಸುಪಾಸು ತೂಗುತ್ತವೆ. ಸೊಂಟದಲ್ಲಿ ನೇತುಹಾಕಿ ಬೆಟ್ಟ ಹತ್ತುವ ಅನುಕೂಲಕ್ಕೆಂದೇ ರಿವಾಲ್ವರ್ ಹಿಡಿದವನು ಈ ತೂಕದ ಹೊತ್ತಿಗೆ ಚಿಕ್ಕ ರೈಫಲ್ ಒಂದರ ಸಮೀಪ ಬಂದಿರುತ್ತಾನೆ.

ರಿವಾಲ್ವರ್ ಕೈಗೆ ಹೊಂದಬೇಕು

ಒಂದೇ ತೋಟಾ ಎರಡು ರಿವಾಲ್ವರ್‌ಗಳಲ್ಲಿ ಬೇರೆ ಬೇರೆಯಾಗಿ ಒದೆಯುತ್ತದೆ. ಹಳೆಯ ಸಿಂಗಲ್ ಆ್ಯಕ್ಷನ್ ಹಿಡಿ ಅಂಗೈಯಲ್ಲಿ ಮೇಲಕ್ಕೆ ಉರುಳುತ್ತದೆ, ಹಗುರ ತೋಟಾಕ್ಕೆ ಅದು ಹಿತ. ಭಾರದ ತೋಟಾ ಹಾಕಿದಾಗ, ಅದರಲ್ಲೂ ಟ್ರಿಗರಿನ ಕಾಪು ಹಿಂಬದಿಯಲ್ಲಿ ಚೌಕಾಕಾರವಾಗಿರುವ ಸೂಪರ್ ಬ್ಲ್ಯಾಕ್‌ಹಾಕ್‌ನಂಥವುಗಳಲ್ಲಿ, ಆ ಚೌಕದ ಅಂಚು ನಡುಬೆರಳಿನ ಗೆಣ್ಣಿಗೆ ಪ್ರತಿ ಸಲವೂ ಬಡಿಯುತ್ತದೆ. ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ ಚರ್ಮ ಸುಲಿದಿರುತ್ತದೆ. ಹೆಚ್ಚು ನೆಟ್ಟಗೆ ಇಳಿಯುವ ಬಿಸ್ಲಿ ಆಕಾರದ ಹಿಡಿ, ಅಥವಾ ಡಬಲ್ ಆ್ಯಕ್ಷನ್ (ಟ್ರಿಗರ್ ಒತ್ತಿದರೇ ಸುತ್ತಿಗೆಯೂ ಎಳೆದುಕೊಳ್ಳುವ) ರಿವಾಲ್ವರಿನ ರಬ್ಬರ್ ಹೊದಿಸಿದ ಹಿಡಿ ಈ ಪೆಟ್ಟನ್ನು ತಗ್ಗಿಸುತ್ತದೆ. ನಳಿಗೆ ಆರರಿಂದ ಏಳೂವರೆ ಇಂಚು ಇದ್ದರೆ ಹೊರುವುದಕ್ಕೂ ಗುರಿಗೂ ಅನುಕೂಲ. ವಯಸ್ಸಾದ ಕಣ್ಣಿಗೆ ಕೆಂಪು ಚುಕ್ಕೆಯ ಸೈಟ್ (ಗುರಿ ನೋಡುವ ಸಾಧನ) ದೊಡ್ಡ ಉಪಕಾರ. ದೂರದರ್ಶಕ ಹಾಕುವುದಾದರೆ ತೋಳು ಚಾಚಿದ ಅಂತರಕ್ಕೆಂದು ಮಾಡಿದ ಹ್ಯಾಂಡ್‌ಗನ್ ಸ್ಕೋಪನ್ನೇ ಹಾಕಬೇಕು.

ಬೇಟೆಗೆ ಒಯ್ಯುವ ಮುನ್ನ ಪ್ರತಿ ಹೊಸ ತೋಟಾವನ್ನೂ ಪರೀಕ್ಷಿಸಬೇಕಾದ ವಿಷಯವೊಂದಿದೆ. ಬಲವಾದ ಒದೆತಕ್ಕೆ ರಿವಾಲ್ವರ್ ಹಿಂದಕ್ಕೆ ಜಿಗಿದಾಗ ಸಿಲಿಂಡರಿನಲ್ಲಿ ಉಳಿದ ತೋಟಾಗಳ ಕೇಸು ಅದರೊಂದಿಗೆ ಹಿಂದೆ ಹೋಗುತ್ತದೆ, ಭಾರದ ಗುಂಡು ಇದ್ದಲ್ಲೇ ಇರಲು ನೋಡುತ್ತದೆ. ಕೇಸಿನ ಬಾಯಿಯ ಮಡಿಕೆ ಸಡಿಲವಿದ್ದರೆ ಗುಂಡು ಸ್ವಲ್ಪ ಸ್ವಲ್ಪವೇ ಮುಂದೆ ಜಾರುತ್ತದೆ. ಅದು ಸಿಲಿಂಡರಿನ ಮುಂಭಾಗದಿಂದ ಹೊರಗೆ ಇಣುಕಿದರೆ ಚೌಕಟ್ಟಿಗೆ ತಗಲಿ ಸಿಲಿಂಡರ್ ತಿರುಗದೆ ನಿಂತುಬಿಡುತ್ತದೆ. ಒಂದು ತೋಟಾದ ಒಟ್ಟು ಉದ್ದವನ್ನು ಕ್ಯಾಲಿಪರಿನಿಂದ ಅಳೆದು, ಗುರುತು ಹಾಕಿ ಕೊನೆಯ ಕೋಣೆಯಲ್ಲಿಡಿ. ಉಳಿದವನ್ನೆಲ್ಲ ಹೊಡೆದು, ಅದನ್ನು ತೆಗೆದು ಮತ್ತೆ ಅಳೆಯಿರಿ. ಉದ್ದ ಕಣ್ಣಿಗೆ ಕಾಣುವಷ್ಟು ಬೆಳೆದಿದ್ದರೆ ಆ ತೋಟಾ ಆ ರಿವಾಲ್ವರ್‌ಗೆ ಬೇಡ. ಹಗುರ ಲೋಹದ ರಿವಾಲ್ವರ್‌ಗಳಲ್ಲಿ ಈ ತೊಂದರೆ ಹೆಚ್ಚು.

ಅಭ್ಯಾಸ

ಮೊದಲು ಕಿವಿ. ದೊಡ್ಡ ರಿವಾಲ್ವರಿನ ಸದ್ದು ಶಾಶ್ವತವಾಗಿ ಶ್ರವಣ ಕೆಡಿಸುವ 140 ಡೆಸಿಬೆಲ್ ಮಿತಿಯನ್ನು ಬಹಳವೇ ಮೀರುತ್ತದೆ, ನಳಿಗೆಯ ತುದಿಯಲ್ಲಿ ಅನಿಲ ಹೊರಹೋಗುವ ರಂಧ್ರಗಳಿದ್ದರೆ ಇನ್ನೂ ಹೆಚ್ಚು. ಅಭ್ಯಾಸದಲ್ಲಿ ಕಿವಿಯೊಳಗೆ ಬಿರಡೆಯೂ ಮೇಲೆ ಮುಚ್ಚಳವೂ ಇರಲಿ; ಕಾಡಿನಲ್ಲಿ ಸಣ್ಣ ಸದ್ದು ಕೇಳಿಸಿ ದೊಡ್ಡದನ್ನು ತಡೆಯುವ ಎಲೆಕ್ಟ್ರಾನಿಕ್ ಮುಚ್ಚಳ ಸಿಗುತ್ತದೆ. ಕಣ್ಣಿಗೆ ಕನ್ನಡಕ. ಇನ್ನು ಬೆರಳು: ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಣ್ಣ ಸಂದಿನಿಂದ ಉರಿಯುವ ಅನಿಲ ಪಕ್ಕಕ್ಕೆ ಚಿಮ್ಮುತ್ತದೆ. ರೈಫಲ್ ಹಿಡಿಯುವಂತೆ ಎಡಗೈಯನ್ನು ಮುಂದೆ ಚಾಚಿ ಆ ಸಂದಿನ ಬಳಿ ಇಟ್ಟರೆ ಬೆರಳಿಗೆ ಆಳವಾದ ಗಾಯವಾಗುತ್ತದೆ, .460 ಮತ್ತು .500ಗಳ ಒತ್ತಡದಲ್ಲಿ ಬೆರಳೇ ತುಂಡಾಗಬಹುದು. ಎರಡೂ ಕೈ ಹಿಡಿಯ ಮೇಲೇ ಇರಬೇಕು, ಮರಳಿನ ಚೀಲದ ಮೇಲೆ ಊರುವಾಗಲೂ.

ಗುರಿ ತಪ್ಪಿಸುವುದು ಬಹುತೇಕ ಒದೆತದ ನಿರೀಕ್ಷೆಯೇ. ಗುಂಡು ಹೊರಡುವ ಮೊದಲೇ ಮೈ ಬೆದರಿ ನಳಿಗೆಯನ್ನು ಕೆಳಗೆ ತಳ್ಳಿರುತ್ತದೆ. ಇದನ್ನು ಹಿಡಿಯಲು ಜೊತೆಗಾರರೊಬ್ಬರು ನಿಮಗೆ ಕಾಣದಂತೆ ಸಿಲಿಂಡರಿನಲ್ಲಿ ಮೂರು ತೋಟಾ, ಎರಡು ಹೊಡೆದ ಖಾಲಿ ಕೇಸುಗಳನ್ನು ಬೆರೆಸಿ ಕೊಡಲಿ. ಖಾಲಿ ಕೇಸಿನ ಮೇಲೆ ಸುತ್ತಿಗೆ ಬಿದ್ದಾಗ ಮುಂದಿನ ಸೈಟ್ ಅಲುಗಾಡದೆ ನಿಂತರೆ ಸರಿ, ಮುಗ್ಗರಿಸಿದರೆ ಅಲ್ಲಿಗೆ ಭಾರದ ತೋಟಾ ಬದಿಗಿಟ್ಟು ಸ್ಪೆಷಲ್ ಅಥವಾ ಹಗುರ ಕೋಲ್ಟ್ ತೋಟಾಕ್ಕೆ ಮರಳಬೇಕು. ಒಮ್ಮೆಗೆ ಭಾರದ ತೋಟಾ ಹತ್ತಿಪ್ಪತ್ತಕ್ಕಿಂತ ಹೆಚ್ಚು ಹೊಡೆಯುವುದರಿಂದ ಕಲಿಯುವುದಕ್ಕಿಂತ ಬೆದರಿಕೆಯ ಚಾಳಿ ಬೆಳೆಯುವುದೇ ಹೆಚ್ಚು, ಮಣಿಕಟ್ಟಿನ ಕೀಲೂ ಸವೆಯುತ್ತದೆ.

ದೂರದ ಮಿತಿಯನ್ನು ಕಾಗದದ ತಟ್ಟೆ ಹೇಳುತ್ತದೆ. ಜಿಂಕೆಯ ಎದೆಯ ಮರ್ಮಸ್ಥಾನ ಸುಮಾರು ಎಂಟು ಇಂಚು. ಮಂಡಿಯೂರಿ, ಮರಕ್ಕೆ ಒರಗಿ, ಕೋಲಿನ ಮೇಲೆ ಊರಿ, ಹೀಗೆ ಕಾಡಿನಲ್ಲಿ ಸಿಗುವ ಭಂಗಿಗಳಿಂದ ಆರು ಇಂಚಿನ ತಟ್ಟೆಗೆ ಎಲ್ಲ ಗುಂಡುಗಳೂ ಬೀಳುವ ದೂರ ಎಷ್ಟೋ ಅದೇ ನಿಮ್ಮ ಮಿತಿ. ತೆರೆದ ಸೈಟ್‌ಗಳಲ್ಲಿ ಬಹಳ ಜನಕ್ಕೆ ಅದು 50 ಗಜ. ತೋಟಾ 200 ಗಜಕ್ಕೆ ಸಮರ್ಥ ಎಂಬ ಜಾಹೀರಾತು ಈ ಮಿತಿಯನ್ನು ಒಂದು ಗಜವೂ ಮುಂದಕ್ಕೆ ಒಯ್ಯುವುದಿಲ್ಲ.

ನಿಯಮ, ಮತ್ತು ಗುಂಡು ಹಾರಿದ ಮೇಲೆ

ಒಂದೊಂದು ರಾಜ್ಯದ ನಿಯಮ ಒಂದೊಂದು ಬಗೆ. ಕೊಲರಾಡೋ ದೊಡ್ಡ ಬೇಟೆಯ ಕೈಬಂದೂಕಿಗೆ ಕನಿಷ್ಠ ನಾಲ್ಕು ಇಂಚಿನ ನಳಿಗೆ, ಅರಳುವ ಗುಂಡು ಮತ್ತು 50 ಗಜದಲ್ಲಿ 550 ಅಡಿ-ಪೌಂಡ್ ಶಕ್ತಿಯನ್ನು ವಿಧಿಸಿದೆ. ಮೇಲೆ ಹೊಗಳಿದ ಗಟ್ಟಿ ಎರಕದ ಗುಂಡು ಅರಳದ ಕಾರಣ ಅಲ್ಲಿ ತೊಡಕಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡೇ ಇಲ್ಲ, ಹಾಗಾಗಿ ತಾಮ್ರದ್ದೇ ಗತಿ. ತೋಟಾ ಕೊಳ್ಳುವ ಮೊದಲು ಆಯಾ ರಾಜ್ಯದ ಆ ವರ್ಷದ ನಿಯಮ ಪುಸ್ತಿಕೆಯನ್ನು ಓದಬೇಕು.

ಪ್ರಾಣಿ ಅಡ್ಡವಾಗಿ ನಿಂತಾಗ, ಅಥವಾ ಓರೆಯಾಗಿ ಆಚೆ ಮುಖ ಮಾಡಿದಾಗ ಮಾತ್ರ ಹೊಡೆಯಿರಿ. ಎದುರಿಗೆ ತಿರುಗಿದ್ದರೆ ಕಾಯಿರಿ. ಅದರ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬವಿರಬೇಕು, ಏಕೆಂದರೆ ಭಾರದ ಗುಂಡು ಪ್ರಾಣಿಯ ಮೈ ದಾಟಿಯೂ ಹೋಗುತ್ತದೆ. ಹೊಡೆದ ಕೂಡಲೇ ಸುತ್ತಿಗೆ ಮತ್ತೆ ಎಳೆದು, ಎರಡನೇ ಗುಂಡಿಗೆ ಸಿದ್ಧರಾಗಿ ನೋಡುತ್ತಿರಿ. ಓಡಿ ಮರೆಯಾದರೆ ಸುತ್ತಿಗೆಯನ್ನು ಜೋಪಾನವಾಗಿ ಇಳಿಸಿ, ಕೊನೆಗೆ ಕಂಡ ಜಾಗವನ್ನು ಒಂದು ಮರ ಅಥವಾ ಬಂಡೆಯ ಗುರುತಿನಿಂದ ನೆನಪಿಟ್ಟುಕೊಂಡು ಅರ್ಧ ಗಂಟೆ ಕುಳಿತಿರಿ. ಅವಸರದಲ್ಲಿ ಬೆನ್ನಟ್ಟಿದರೆ ಹತ್ತಿರದಲ್ಲೇ ಮಲಗಬೇಕಾದ ಪ್ರಾಣಿ ಎದ್ದು ದೂರ ಹೋಗುತ್ತದೆ. ಬಿದ್ದ ಪ್ರಾಣಿಯ ಬಳಿಗೆ ಹಿಂದಿನಿಂದ ಹೋಗಿ, ಉದ್ದನೆಯ ಕೋಲಿನಿಂದ ಕಣ್ಣು ಮುಟ್ಟಿ ನೋಡಿ. ರೆಪ್ಪೆ ಮಿಟುಕಿದರೆ ಇನ್ನೊಂದು ಗುಂಡು ತಡಮಾಡದೆ ಬೇಕು, ಮಿಟುಕದಿದ್ದರೆ ರಿವಾಲ್ವರ್ ಖಾಲಿ ಮಾಡಿ ಪರವಾನಗಿಯ ಗುರುತಿನ ಪಟ್ಟಿಯನ್ನು ಪ್ರಾಣಿಗೆ ಕಟ್ಟಬಹುದು.