ಹಳೇ ಮುನಿಸಿಪಾಲಿಟಿಯ ಪುಸ್ತಕ ಓದಿದ ನನ್ನ ಅನುಭವ

ನಮ್ಮೂರು ತುಮಕೂರು ಜಿಲ್ಲೆಯ ಒಂದು ಸಣ್ಣ ತಾಲ್ಲೂಕು ಕೇಂದ್ರ. ಮೂರು ವರ್ಷದಿಂದ, ಸ್ಕೂಲಿಗೆ ರಜೆ ಸಿಕ್ಕಾಗಲೆಲ್ಲ, ಇಲ್ಲಿನ ಹಳೇ ಮುನಿಸಿಪಾಲಿಟಿಯ ದಫ್ತರ ಓದುತ್ತಿದ್ದೇನೆ. 1909ರಿಂದ 1919ರವರೆಗಿನ ಪುಸ್ತಕಗಳು. ಮೈಸೂರು ಸಂಸ್ಥಾನದ ಕಾಲ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ. ಇಂಥ ಕೆಲಸಕ್ಕೆ ಕೈ ಹಾಕಬೇಕು, ಹೇಗೆ ಅಂತ ಕೆಲವರು ಕೇಳುತ್ತಿರುತ್ತಾರೆ. ಅದಕ್ಕೇ ನಾನು ಹೇಗೆ ಮಾಡಿದೆ, ಎಲ್ಲಿ ತಪ್ಪಿದೆ ಅಂತ ಬರೆಯುತ್ತಿದ್ದೇನೆ.

ಅನುಮತಿ ಸಿಗುವುದಕ್ಕೆ ಎರಡು ತಿಂಗಳು ಹಿಡಿಯಿತು. ಕೊನೆಗೆ ಒಂದು ಕತ್ತಲೆ ಕೋಣೆ ತೋರಿಸಿದರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಕೆಳಗಿನ ಸಾಲಿಗೆ ಗೆದ್ದಲು ಹಿಡಿದಿತ್ತು. ಎರಡು ಪುಸ್ತಕ ಮುಟ್ಟಿದರೆ ಪುಡಿಯಾಗುತ್ತಿದ್ದವು, ಅವನ್ನು ಹಾಗೇ ಬಿಟ್ಟೆ. ಉಳಿದದ್ದನ್ನು ಕಿಟಕಿ ಪಕ್ಕ ಬೆಳಕಿನಲ್ಲಿಟ್ಟು, ಕೈ ತೊಳೆದು ಚೆನ್ನಾಗಿ ಒರೆಸಿಕೊಂಡು, ಒಂದೊಂದೇ ಹಾಳೆ ಮೊಬೈಲಿನಲ್ಲಿ ಫೋಟೋ ತೆಗೆದೆ. ಹರಿದ ಹಾಳೆಗೆ ಸೆಲ್ಲೋಟೇಪ್ ಮಾತ್ರ ಯಾವತ್ತೂ ಹಚ್ಚಬೇಡಿ. ಹಿಂದೆ ಯಾರೋ ಹಚ್ಚಿದ ಕಡೆಯೆಲ್ಲ ಅಕ್ಷರ ಟೇಪಿನ ಜೊತೆಗೇ ಎದ್ದು ಬಂದಿತ್ತು.

ಮೊದಲ ವರ್ಷ ನಾನು ಓದಿದ್ದು ನಡಾವಳಿ ಪುಸ್ತಕಗಳನ್ನು ಮಾತ್ರ. ಅಂದರೆ ಸಭೆಯಲ್ಲಿ ಯಾರು ಇದ್ದರು, ಏನು ತೀರ್ಮಾನ ಆಯಿತು ಅನ್ನುವುದು. ಅಮಲ್ದಾರರೇ, ಅಂದರೆ ತಾಲ್ಲೂಕಿನ ಕಂದಾಯ ಅಧಿಕಾರಿಯೇ, ಅಧ್ಯಕ್ಷರು. ಸದಸ್ಯರಲ್ಲಿ ವಕೀಲರು, ಮಂಡಿ ವರ್ತಕರು, ಜಮೀನುದಾರರು. ಅಕ್ಷರ ದುಂಡಗೆ ಚೆನ್ನಾಗಿದೆ, ಭಾಷೆ ಮಾತ್ರ ತಡವರಿಸುವಂತೆ ಮಾಡುತ್ತದೆ. ಬಾಬತ್ತು (ಲೆಕ್ಕದ ವಿಷಯ), ಷರಾ (ಟಿಪ್ಪಣಿ), ಜುಲ್ಮಾನೆ (ದಂಡ), ಮುಚ್ಚಳಿಕೆ, ದರಖಾಸ್ತು, ಲಾಗಾಯ್ತು: ಪ್ರತಿ ಸಾಲಿನಲ್ಲೂ ಇಂಥವು. ನಾನು ಒಂದು ನೋಟ್‌ಬುಕ್ಕಿನಲ್ಲಿ ಈ ಪದಗಳನ್ನೆಲ್ಲ ಬರೆದಿಟ್ಟುಕೊಂಡೆ. ಸುಮಾರು ಇನ್ನೂರು ಪದ ಆದ ಮೇಲೆ ಓದು ಸಲೀಸಾಯಿತು.

ಆ ವರ್ಷ ಒಂದು ದೊಡ್ಡ ತಪ್ಪು ಮಾಡಿದೆ. 1912–13ನೇ ಸಾಲು ಅಂತ ಇದ್ದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಅಂದುಕೊಂಡೆ. ಮೈಸೂರು ಸಂಸ್ಥಾನದ ಲೆಕ್ಕದ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತಿತ್ತು. ಅದು ಗೊತ್ತಾಗುವ ಹೊತ್ತಿಗೆ ನನ್ನ ಅರ್ಧ ಪಟ್ಟಿ ಬೇರೆ ವರ್ಷಕ್ಕೆ ಸೇರಿಹೋಗಿತ್ತು, ಎಲ್ಲವನ್ನೂ ಮತ್ತೆ ಮಾಡಿದೆ. ಅರ್ಜಿಗಳಲ್ಲಿ ಇನ್ನೊಂದು ತೊಡಕು ಇದೆ. ಜನ ಇಸವಿ ಬರೆಯುತ್ತಿರಲಿಲ್ಲ, ಸಂವತ್ಸರ ಬರೆಯುತ್ತಿದ್ದರು. ವಿರೋಧಿಕೃತ್ ಸಂವತ್ಸರದ ಪುಷ್ಯ ಮಾಸ ಅಂದರೆ 1911 ಅಂತ ಸುಮ್ನೆ ಹಾಕಿಕೊಳ್ಳಬಾರದು. ಆ ಸಂವತ್ಸರ 1912ರ ಮಾರ್ಚ್‌ನ ಯುಗಾದಿವರೆಗೂ ಇತ್ತು. ಹಾಗಾಗಿ ತಿಂಗಳು ನೋಡದೆ ಇಸವಿ ಬರೆಯಲೇಬೇಡಿ.

ಎರಡನೇ ವರ್ಷ ಜಮಾಖರ್ಚಿನ ಪುಸ್ತಕಕ್ಕೆ ಕೈ ಹಾಕಿದೆ. ಅಲ್ಲಿ ಕೆಲವು ಪುಟಗಳಲ್ಲಿ ರೂಪಾಯಿ ಅಂಕಿಯ ಪಕ್ಕ ನಿಂತ ಗೆರೆ, ಮಲಗಿದ ಗೆರೆ. ಯಾರೋ ಟಿಕ್ ಹಾಕಿದ್ದಾರೆ ಅಂತ ತಿಳಿದು ಬಿಟ್ಟುಬಿಟ್ಟಿದ್ದೆ. ನಮ್ಮ ಬೀದಿಯ ಕೊನೆಯಲ್ಲಿ ಶಾನುಭೋಗರ ಮನೆತನದ ಒಬ್ಬ ತಾತ ಇದ್ದಾರೆ, ತೊಂಬತ್ತರ ಹತ್ತಿರ ವಯಸ್ಸು. ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, "ಇದು ಗೆರೆ ಅಲ್ಲಮ್ಮ, ದುಡ್ಡು" ಅಂದರು. ನಿಂತ ಗೆರೆ ಒಂದಕ್ಕೆ ಕಾಲು ರೂಪಾಯಿ, ಅಂದರೆ ನಾಲ್ಕಾಣೆ. ಮಲಗಿದ ಗೆರೆ ಒಂದಕ್ಕೆ ಒಂದಾಣೆ. ಎರಡು ನಿಂತ ಗೆರೆ, ಎರಡು ಮಲಗಿದ ಗೆರೆ ಇದ್ದರೆ ಹತ್ತಾಣೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಒಂದು ಮಧ್ಯಾಹ್ನ ಅವರ ಜಗುಲಿ ಮೇಲೆ ಕೂತು ಹತ್ತು ಪುಟ ಓದಿದೆವು. ಆಮೇಲೆ ಪುಸ್ತಕ ತಾನಾಗಿಯೇ ಬಿಚ್ಚಿಕೊಂಡಿತು.

ನಾನು ಹೇಳಬೇಕಾದ ಮುಖ್ಯ ವಿಷಯ ಇಲ್ಲಿದೆ. ನಡಾವಳಿ ಓದಿದರೆ ಏನು ಮಾಡಬೇಕು ಅಂದುಕೊಂಡರು ಅಂತ ಗೊತ್ತಾಗುತ್ತದೆ, ಅಷ್ಟೇ. ಏನು ಮಾಡಿದರು ಅಂತ ತಿಳಿಯಬೇಕಾದರೆ ಜಮಾಖರ್ಚು ನೋಡಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು, ತಿಂಗಳಿಗೆ ತಿಂಗಳು ತಾಳೆ ಹಾಕಬೇಕು.

ದೀಪದ ಬಾಬತ್ತನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಬೀದಿಗೆ 1905ರಲ್ಲೇ ವಿದ್ಯುತ್ ದೀಪ ಬಂದಿತ್ತು, ಶಿವನಸಮುದ್ರದಿಂದ. ನಮ್ಮಂಥ ಊರುಗಳಲ್ಲಿ ಸೀಮೆಎಣ್ಣೆ ಲಾಂದ್ರವೇ. ಸಂಜೆ ಒಬ್ಬ ಏಣಿ, ಎಣ್ಣೆ ಡಬ್ಬ ಹೊತ್ತುಕೊಂಡು ಕಂಬದಿಂದ ಕಂಬಕ್ಕೆ ಹೋಗಿ ಗಾಜು ಒರೆಸಿ, ಬತ್ತಿ ಕತ್ತರಿಸಿ ಹಚ್ಚಬೇಕು. ತಿಂಗಳು ತಿಂಗಳು ಎಣ್ಣೆ ಖರ್ಚು ಬರೆದಿದ್ದಾರೆ, ಆದರೆ ದೀಪದ ಸಂಖ್ಯೆಯನ್ನು ಒಂದು ದೀಪಕ್ಕೆ ಬೇಕಾದ ಎಣ್ಣೆಯ ಜೊತೆ ಗುಣಿಸಿದರೆ ಲೆಕ್ಕ ಕೂಡುವುದೇ ಇಲ್ಲ. ಎಣ್ಣೆ ತುಂಬಾ ಕಡಿಮೆ. ಯಾರೋ ತಿಂದಿದ್ದಾರೆ ಅಂತಲೇ ನನಗೆ ಅನುಮಾನ ಬಂತು. ಆಮೇಲೆ ಒಂದು ಷರಾ ಕಣ್ಣಿಗೆ ಬಿತ್ತು: ಬೆಳದಿಂಗಳ ರಾತ್ರಿಗಳಲ್ಲಿ ದೀಪ ಹಚ್ಚತಕ್ಕದ್ದಲ್ಲ. ಎಣ್ಣೆ ಉಳಿಸುವುದಕ್ಕೆ ಆಗ ಎಷ್ಟೋ ಊರುಗಳಲ್ಲಿ ಇದೇ ಪದ್ಧತಿ. ಹಳೇ ಪಂಚಾಂಗ ತಂದು ಹುಣ್ಣಿಮೆಯ ಆಸುಪಾಸಿನ ರಾತ್ರಿಗಳನ್ನು ಕಳೆದೆ, ಲೆಕ್ಕ ಹೆಚ್ಚುಕಡಿಮೆ ಕೂಡಿಬಂತು. ನಾನು ಸುಮ್ಮನೆ ದೀಪ ಹಚ್ಚುವ ಆ ಮನುಷ್ಯನನ್ನು ಅನುಮಾನಿಸಿದ್ದೆ ಅಂತ ಮನಸ್ಸಿಗೆ ಕಷ್ಟವಾಯಿತು. ಆದರೆ ಆಷಾಢದಲ್ಲಿ ಮೋಡ ಕವಿದರೆ ಹುಣ್ಣಿಮೆಯಲ್ಲೂ ಕತ್ತಲೆಯೇ ಅಲ್ವಾ? ಅದಕ್ಕೂ ಒಂದು ಅರ್ಜಿ ಸಿಕ್ಕಿತು. ಬಾವಿಗೆ ಹೋಗುವ ಓಣಿಯಲ್ಲಿ ಹೆಂಗಸರು ಕೊಡ ಹೊತ್ತು ಜಾರಿ ಬೀಳುತ್ತಾರೆ, ಮಳೆಗಾಲದಲ್ಲಾದರೂ ದಿನಾ ದೀಪ ಬೇಕು ಅಂತ. ಸಭೆ ಒಪ್ಪಿದೆ, ನಡಾವಳಿಯಲ್ಲಿ ಸ್ಪಷ್ಟವಾಗಿದೆ. ಮುಂದಿನ ಎರಡು ಮಳೆಗಾಲದ ಎಣ್ಣೆ ಖರ್ಚು ಒಂದು ಪೈ ಕೂಡ ಏರಿಲ್ಲ. ನಡಾವಳಿ ಮಾತ್ರ ಓದಿದ್ದರೆ ಆ ಓಣಿಗೆ ದೀಪ ಬಂತು ಅಂತ ಬರೆದುಬಿಡುತ್ತಿದ್ದೆ.

ಆದಾಯದ ಕಡೆ ಆಕ್ಟ್ರಾಯ್, ಅಂದರೆ ಊರೊಳಗೆ ಬರುವ ಸರಕಿನ ಮೇಲಿನ ಸುಂಕ, ದೊಡ್ಡದು. ಊರ ಬಾಗಿಲಲ್ಲಿ ಸುಂಕದ ಕಟ್ಟೆ, ಅಡಿಕೆ, ತುಪ್ಪ, ಬಟ್ಟೆ ಹೊತ್ತ ಗಾಡಿಗಳು ಅಲ್ಲಿ ನಿಲ್ಲಲೇಬೇಕು. ಕರ್ನಾಟಕದಲ್ಲಿ ಇದು 1979ರವರೆಗೂ ಇತ್ತು, ನಮ್ಮಪ್ಪನಿಗೆ ಆ ಕಟ್ಟೆ ಚೆನ್ನಾಗಿ ನೆನಪಿದೆ. ಇದರ ಜೊತೆಗೆ ಮನೆ ಕಂದಾಯ, ಸಂತೆ ಸುಂಕದ ಹರಾಜು, ದನದ ದೊಡ್ಡಿಯ ಜುಲ್ಮಾನೆ. ಕೆರೆ ಅಂಗಳದ ಹುಲ್ಲು, ರಸ್ತೆ ಪಕ್ಕದ ಹುಣಸೆ ಮರದ ಫಸಲು, ಅವೂ ಹರಾಜೇ.

ಪ್ಲೇಗಿನ ಪುಟಗಳನ್ನು ಓದುವಾಗ ಒಂದೊಂದು ದಿನ ಮುಂದೆ ಹೋಗಲಾಗುತ್ತಿರಲಿಲ್ಲ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಆಮೇಲೂ ಸಂಸ್ಥಾನದ ಊರೂರಿಗೆ ಮತ್ತೆ ಮತ್ತೆ ಬರುತ್ತಲೇ ಇತ್ತು. ಇಲಿ ಸತ್ತು ಬಿದ್ದವು ಅಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಮೂರು ತಿಂಗಳು ಮನೆಯಲ್ಲೇ ಇರಲಿಲ್ಲ, ಕಂದಾಯ ಮಾಫಿ ಮಾಡಿ ಅಂತ ಅರ್ಜಿಗಳು. ಕಾಲರಾ ಬಂದ ವರ್ಷ ಬಾವಿಗೆ ಹಾಕುವ ಪರ್ಮಾಂಗನೇಟಿಗೆ ಖರ್ಚು. ನೀರು ಕೆಂಪಗಾಯಿತು, ದೇವರ ಪೂಜೆಗೆ ಬರುವುದಿಲ್ಲ ಅಂತ ಅದಕ್ಕೂ ಒಂದು ತಕರಾರು. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಮಾತ್ರ ನಡಾವಳಿ ಹೆಚ್ಚೇನೂ ಹೇಳುವುದಿಲ್ಲ. ಕೋರಂ ಇಲ್ಲದೆ ಸಭೆ ಮುಂದಕ್ಕೆ ಹಾಕಲಾಗಿದೆ, ಮತ್ತೆ ಮುಂದಕ್ಕೆ ಹಾಕಲಾಗಿದೆ.

ಕೊನೆಗೆ ಸಂಬಳದ ಪಟ್ಟಿ. ಇದನ್ನು ನಾನು ತೀರಾ ತಡವಾಗಿ ತೆರೆದೆ, ಮೊದಲೇ ತೆರೆಯಬೇಕಿತ್ತು. ಕಕ್ಕಸು ತೆಗೆಯುವವರು, ಬೀದಿ ಗುಡಿಸುವವರು ನಡಾವಳಿಯಲ್ಲಿ ಬರುವುದು ಒಂದು ಅಂಕಿಯಾಗಿ: ಇಷ್ಟು ಜನ, ಇಷ್ಟು ರೂಪಾಯಿ. ಇಡೀ ಊರನ್ನು ಬದುಕಿಸಿದ್ದು ಅವರು. ಪ್ಲೇಗಿನಲ್ಲಿ ಎಲ್ಲರೂ ಹೊಲಕ್ಕೆ ಹೋದಾಗಲೂ ಖಾಲಿ ಬೀದಿಗಳಲ್ಲಿ ಅವರು ಕೆಲಸ ಮಾಡಿದ್ದಕ್ಕೆ ಸಂಬಳದ ಪಟ್ಟಿಯೇ ಸಾಕ್ಷಿ. ಹತ್ತು ವರ್ಷದ ನಡಾವಳಿಯಲ್ಲಿ ಅವರಲ್ಲಿ ಒಬ್ಬೊಬ್ಬರ ಹೆಸರು ಬಂದದ್ದು ಜುಲ್ಮಾನೆ ಹಾಕಿದಾಗ ಮಾತ್ರ. ಸಂಬಳದ ಪಟ್ಟಿಯಲ್ಲಿ ಹಾಗಲ್ಲ. ತಿಂಗಳು ತಿಂಗಳು ಹೆಸರು, ಅಪ್ಪನ ಹೆಸರು ಅಥವಾ ಗಂಡನ ಹೆಸರು, ಪಕ್ಕದಲ್ಲಿ ಹೆಬ್ಬೆಟ್ಟು. ಕೆಲವು ಹೆಬ್ಬೆಟ್ಟಿನ ಗೆರೆ ಈಗಲೂ ನಿಚ್ಚಳವಾಗಿ ಕಾಣುತ್ತದೆ.

ಈಗ ಬೇರೆಲ್ಲ ಬದಿಗಿಟ್ಟು ಆ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದೇನೆ. ಪುಸ್ತಕದಲ್ಲಿ ಹೇಗಿದೆಯೋ ಹಾಗೇ, ಕಾಗುಣಿತ ತಿದ್ದದೆ. 1913ರ ಡಿಸೆಂಬರ್‌ವರೆಗೆ ಆಗಿದೆ, ದಸರಾ ರಜೆಯಲ್ಲಿ ಮುಂದಿನ ಪುಸ್ತಕ.