ಬಿಪಿ ಪಟ್ಟಿ ಕಟ್ಟುವ ಮುಂಚಿನ ಆರು ತಿಂಗಳು

ಅಮೆರಿಕದಲ್ಲಿ ಕಪ್ಪು ವರ್ಣೀಯ ಗಂಡಸರನ್ನು ಆರೋಗ್ಯ ಸಂಶೋಧನೆಗೆ ಸೇರಿಸಿಕೊಳ್ಳುವ ಕೆಲಸಕ್ಕಿಳಿದ ಮೊದಲ ದಿನವೇ ಕಿವಿಗೆ ಬೀಳುವ ಮಾತೊಂದಿದೆ: ‘ಅವರು ಬರಲ್ಲ, ಟಸ್ಕೀಗಿ ಮರೆತಿಲ್ಲ.’ ಇದು ಅರ್ಧ ಮಾತ್ರ ನಿಜ. 1932ರಿಂದ 1972ರವರೆಗೆ ಅಲಬಾಮಾದ ಮೇಕನ್ ಕೌಂಟಿಯಲ್ಲಿ, ಟಸ್ಕೀಗಿ ಊರಿನ ಸುತ್ತಮುತ್ತ, ಸರ್ಕಾರದ ಆರೋಗ್ಯ ಸೇವೆಯೇ ಸಿಫಿಲಿಸ್ ಇದ್ದ 399 ಕಪ್ಪು ವರ್ಣೀಯ ಗಂಡಸರಿಗೆ ಸರಿಯಾದ ಮದ್ದು ಕೊಡದೆ ರೋಗ ಬಲಿಯುವುದನ್ನು ನೋಡುತ್ತ ಕೂತಿತ್ತು, ಪೆನ್ಸಿಲಿನ್ ಬಂದ ಮೇಲೂ. ಬರಿ ಪರೀಕ್ಷೆಗೆಂದು ಬೆನ್ನುಮೂಳೆಯಿಂದ ನೀರು ತೆಗೆಯುವುದನ್ನು ‘ವಿಶೇಷ ಉಚಿತ ಚಿಕಿತ್ಸೆ’ ಎಂದು ಪತ್ರ ಬರೆದು ಕರೆಸಿದ್ದರು. ಅದನ್ನು ಮರೆಯಿರಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ 2006ರಲ್ಲಿ ಇಪ್ಪತ್ತು ಅಧ್ಯಯನಗಳ ಲೆಕ್ಕ ಕೂಡಿಸಿ ನೋಡಿದಾಗ ಕಂಡದ್ದೇ ಬೇರೆ. ‘ಸೇರುತ್ತೀರಾ?’ ಎಂದು ಕೇಳಿದಾಗ ಒಪ್ಪಿಕೊಂಡವರ ಪ್ರಮಾಣ ಬಿಳಿಯರಲ್ಲೂ ಕಪ್ಪು ವರ್ಣೀಯರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಯಾರನ್ನು ಕೇಳುವುದೇ ಇಲ್ಲವೋ ಅವರದ್ದೇ ದೊಡ್ಡ ಸಮಸ್ಯೆ. ಆಸ್ಪತ್ರೆಯ ರೋಗಿಗಳ ಪಟ್ಟಿ ಹಿಡಿದು ಫೋನ್ ಮಾಡುತ್ತ ಕೂತರೆ, ಡಾಕ್ಟರ ಬಳಿ ಹೋಗದ ಗಂಡಸರ ಹೆಸರು ಅದರಲ್ಲಿ ಇರುವುದೇ ಇಲ್ಲ.

ಡಾಕ್ಟರ ಬಳಿ ಹೋಗದವರೂ ಕಟಿಂಗಿಗೆ ಹೋಗುತ್ತಾರೆ, ಬಾರ್ಬರ್ ಶಾಪ್ ಕೆಲಸಕ್ಕೆ ಬರುವುದು ಅದಕ್ಕೇ. 2018ರಲ್ಲಿ ಪ್ರಕಟವಾದ ಲಾಸ್ ಏಂಜಲೀಸ್ ಪ್ರಯೋಗದಲ್ಲಿ 52 ಅಂಗಡಿಗಳಿಂದ 319 ಗಿರಾಕಿಗಳಿದ್ದರು. ಫಾರ್ಮಸಿಸ್ಟ್ ಅಂಗಡಿಗೇ ಬಂದು ಬಿಪಿ ಮಾತ್ರೆ ಬರೆದುಕೊಟ್ಟ ಗುಂಪಿನಲ್ಲಿ ಆರು ತಿಂಗಳಿಗೆ ಮೇಲಿನ ಬಿಪಿ 27 ಅಂಕ ಇಳಿಯಿತು. ‘ಉಪ್ಪು ಕಡಿಮೆ ಮಾಡಿ, ಡಾಕ್ಟರಿಗೆ ತೋರಿಸಿ’ ಎಂದು ಬಾರ್ಬರ್ ಹೇಳಿ ಬಿಟ್ಟ ಗುಂಪಿನಲ್ಲಿ 9.3. ಇದನ್ನು ಓದಿ ಹಲವರು ಅಂಗಡಿಗೆ ಪೋಸ್ಟರ್ ಅಂಟಿಸಿ ಬರುತ್ತಾರೆ. ಪೋಸ್ಟರ್ ನೋಡಿ ಯಾರೂ ಬರುವುದಿಲ್ಲ.

ನಮ್ಮ ಸಂಶೋಧನಾ ತಂಡದಲ್ಲಿ ಮೊದಲ ಆರು ತಿಂಗಳನ್ನು ಯಾರನ್ನೂ ಸೇರಿಸದೆ ಕಳೆಯುತ್ತೇವೆ. ಅಂಗಡಿಗೆ ಹೋಗುವುದು ಮಂಗಳವಾರ, ಬುಧವಾರ ಬೆಳಿಗ್ಗೆ. ಶನಿವಾರ ಹೋದರೆ ದುಡಿಮೆಗೆ ಅಡ್ಡ. ಕೈಯಲ್ಲಿ ಫಾರಂ ಇರಬಾರದು. ಬಾರ್ಬರ್ ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಹಿಂದೆ ಬಂದುಹೋದವರ ಸಂಶೋಧನೆ ಏನಾಯಿತು ಎಂಬುದು. ಉತ್ತರ ಹುಡುಕಿ ತರುವುದೇ ನಮ್ಮ ಮೊದಲ ಕೆಲಸ. ಬಾರ್ಬರ್‌ಗಳ ಸಮಯಕ್ಕೆ ಗಂಟೆ ಲೆಕ್ಕದ ಸಂಬಳ ಬಜೆಟ್ಟಿನಲ್ಲೇ ಇರಬೇಕು. ವಿಶ್ವವಿದ್ಯಾಲಯದ ಲೆಕ್ಕಪತ್ರ ವಿಭಾಗ ಹೊಸಬರಿಗೆ ಚೆಕ್ ಕೊಡಲು ತಿಂಗಳುಗಟ್ಟಲೆ ಎಳೆಯುತ್ತದೆ, ಆ ಕಾಗದಪತ್ರ ಮೊದಲ ವಾರವೇ ಶುರುಮಾಡಿ. ದುಡ್ಡು ತಡವಾದರೆ ‘ಇವರೂ ಅಷ್ಟೇ’ ಎಂಬ ಮಾತು ಮುಂದಿನ ಬೀದಿಗೆ ನಮಗಿಂತ ಮೊದಲೇ ತಲುಪಿರುತ್ತದೆ.

ಅಧ್ಯಯನ ಹೇಗಿರಬೇಕೆಂದು ಹೇಳುವ ಸ್ಥಳೀಯರ ಸಲಹಾ ಸಮಿತಿಗೆ ಎಂಟು ಹತ್ತು ಜನ ಸಾಕು. ಪಾದ್ರಿಗಳನ್ನೂ ಮುಖಂಡರನ್ನೂ ಮಾತ್ರ ತುಂಬಿಸುವ ತಪ್ಪು ಎಲ್ಲರೂ ಮಾಡುತ್ತಾರೆ. ಚರ್ಚಿಗೆ ಕಾಲಿಡದ ಗಂಡಸರು, ಜೈಲಿನಿಂದ ಹೊರಬಂದವರು, ರಾತ್ರಿ ಪಾಳಿಯವರು ಅಲ್ಲಿ ಕೂರಬೇಕು. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಗೆ ಅರ್ಜಿ ಹೋಗುವ ಮುಂಚೆಯೇ ಅಧ್ಯಯನದ ಕರಡು ಅವರ ಕೈಗೆ ಕೊಡಿ. ಒಪ್ಪಿಗೆ ಸಿಕ್ಕ ಮೇಲೆ ಒಂದು ಪ್ರಶ್ನೆ ಬದಲಿಸಲೂ ತಿದ್ದುಪಡಿ, ವಾರಗಟ್ಟಲೆ ಕಾಯುವಿಕೆ. ಆಮೇಲೆ ‘ನಿಮ್ಮ ಸಲಹೆ ಚೆನ್ನಾಗಿದೆ, ಆದರೆ…’ ಎನ್ನಬೇಕಾಗುತ್ತದೆ. ಅಲ್ಲಿಗೆ ಸಮಿತಿ ಮುಗಿದಂತೆ.

ಮಾತಾಡಿಸುವವರು ಯಾರು ಎನ್ನುವುದೂ ಮುಖ್ಯ. ಓಕ್‌ಲ್ಯಾಂಡ್‌ನ ಪ್ರಯೋಗವೊಂದರಲ್ಲಿ ಕಪ್ಪು ವರ್ಣೀಯ ವೈದ್ಯರು ಮಾತಾಡಿಸಿದಾಗ ಸೂಜಿ ಚುಚ್ಚುವಂಥ ಪರೀಕ್ಷೆಗಳಿಗೆ ಒಪ್ಪಿದ ಗಂಡಸರು ಹೆಚ್ಚು. ಹಾಗಾಗಿ ನನ್ನಂಥ ಕನ್ನಡದವರು ಹಿಂದೆ ನಿಂತು ಪೆಟ್ಟಿಗೆ ಹೊರುವುದೇ ಸರಿ. ಇನ್ನೊಂದು ಸಣ್ಣ ವಿಷಯ: ವಯಸ್ಸಾದವರನ್ನು ‘ಮಿಸ್ಟರ್’ ಸೇರಿಸಿ ಮನೆತನದ ಹೆಸರಿನಿಂದಲೇ ಕರೆಯಬೇಕು. ತಲೆ ನರೆತ ಗಂಡಸನ್ನೂ ‘ಬಾಯ್’ ಎಂದು ಕೂಗುತ್ತಿದ್ದ ಕಾಲ ಕಂಡವರು ಇನ್ನೂ ಇದ್ದಾರೆ. ಬರಿ ಮೊದಲ ಹೆಸರು ಹಿಡಿದು ಕರೆದರೆ, ನಮ್ಮಲ್ಲಿ ಹಿರಿಯರಿಗೆ ಏಕವಚನ ಹಚ್ಚಿದ ಹಾಗೆ.

ಇನ್ನು ಬಿಪಿ. ಕಟಿಂಗ್ ಕುರ್ಚಿಯಲ್ಲಿ ಕೂರಿಸಿ ನೋಡಬೇಡಿ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಮಟ್ಟಕ್ಕೆ, ಐದು ನಿಮಿಷ ಮಾತಿಲ್ಲದೆ. ನಗು ಹರಟೆಯ ಅಂಗಡಿಯಲ್ಲಿ ಇದು ಕಷ್ಟ, ಹಿಂದಿನ ಕೋಣೆಯಲ್ಲೊಂದು ಕುರ್ಚಿ ಕೇಳಿಕೊಳ್ಳಿ. ತೋಳಿನ ಸುತ್ತಳತೆಯನ್ನು ಟೇಪಿನಿಂದ ಅಳೆದೇ ತೋಳಿಗೆ ಸುತ್ತುವ ಪಟ್ಟಿ (ಕಫ್) ಆರಿಸಿ. ದೊಡ್ಡದು, ಅದಕ್ಕಿಂತ ದೊಡ್ಡದು ಎರಡೂ ಚೀಲದಲ್ಲಿರಲಿ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಬಿಗಿದರೆ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ! ಅವರು ಕ್ಲಿನಿಕ್ಕಿಗೆ ಹೋಗಿ, ಅಲ್ಲಿ ‘ಏನೂ ಇಲ್ಲ’ ಎಂದರೆ, ಸುಳ್ಳರು ನಾವೇ. ನಿಮಿಷದ ಅಂತರದಲ್ಲಿ ಮೂರು ಸಲ ನೋಡಿ. 180/120 ದಾಟಿದರೆ ಐದು ನಿಮಿಷ ಬಿಟ್ಟು ಮತ್ತೆ. ಎದೆನೋವು, ಉಸಿರಿನ ತೊಂದರೆ, ಕಣ್ಣು ಮಂಜು, ಮಾತು ತೊದಲುವುದು ಜೊತೆಗಿದ್ದರೆ ತುರ್ತು ಸಂಖ್ಯೆ 911ಕ್ಕೆ ಕರೆ. ಇಲ್ಲದಿದ್ದರೆ ಅದೇ ದಿನ ನೋಡುವ, ಇನ್ಶೂರೆನ್ಸ್ ಕೇಳದ ಕ್ಲಿನಿಕ್ಕನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಕಾಯಿಲೆ ಇದೆ ಎಂದು ಹೇಳಿ ದಾರಿ ತೋರಿಸದೆ ಕಳಿಸಿದರೆ ಅದು ಟಸ್ಕೀಗಿಯ ಮರಿಯೇ.

ಒಪ್ಪಿಗೆ ಪತ್ರವನ್ನು ಅಲ್ಲೇ ಸಹಿ ಹಾಕಿಸಿಕೊಳ್ಳುವುದಿಲ್ಲ. ಮನೆಗೆ ಒಯ್ಯಲಿ, ಹೆಂಡತಿ ಓದಲಿ. ಎರಡು ದಿನ ಬಿಟ್ಟು ಮೆಸೇಜ್ ಮಾಡಿ. ಗೊತ್ತಿಲ್ಲದ ನಂಬರಿನ ಫೋನ್ ಯಾರೂ ಎತ್ತುವುದಿಲ್ಲ. ರಕ್ತ 10 ಮಿಲಿ ಅಂದರೆ ಎರಡು ಟೀ ಚಮಚ ಎಂದು ಹೇಳಿ. ಎಲ್ಲಿಡುತ್ತೀರಿ, ಎಷ್ಟು ವರ್ಷ, ಕಂಪನಿಗೆ ಮಾರುತ್ತೀರಾ, ಪೊಲೀಸರಿಗೆ ಕೊಡುತ್ತೀರಾ: ಈ ನಾಲ್ಕು ಬಂದೇ ಬರುತ್ತವೆ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ವರ್ಣೀಯ ಕ್ಯಾನ್ಸರ್ ರೋಗಿಯ ಜೀವಕೋಶಗಳನ್ನು ಕೇಳದೆ ತೆಗೆದದ್ದು ಇಲ್ಲಿ ಮನೆಮಾತು. ಅಮೆರಿಕದ ಕೇಂದ್ರ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ದುಡ್ಡಿನ ಅಧ್ಯಯನವಾದರೆ ಕೋರ್ಟು ಕೇಳಿದರೂ ಗುರುತು ಕೊಡದಂತೆ ಕಾಯುವ ಗೋಪ್ಯತಾ ಪ್ರಮಾಣಪತ್ರ ಇರುತ್ತದೆ. ಅದರ ಮಿತಿಗಳನ್ನೂ ಜೊತೆಗೇ ಹೇಳಿ. ಕೊನೆಗೆ ‘ಅರ್ಥವಾಯ್ತಾ?’ ಎನ್ನಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ‘ಮನೆಯಲ್ಲಿ ಕೇಳಿದರೆ ಇದನ್ನು ಹೇಗೆ ಹೇಳ್ತೀರಿ?’ ಎಂದು ಕೇಳಿ.

ಭಾಗವಹಿಸಿದವರಿಗೆ ಭತ್ಯೆ ಅದೇ ದಿನ ಕೈಗೆ ಸಿಗಬೇಕು. ತೆರಿಗೆಗೆಂದು ಸೋಷಿಯಲ್ ಸೆಕ್ಯುರಿಟಿ ನಂಬರ್ (ನಮ್ಮ ಆಧಾರ್‌ನಂಥ ಸರ್ಕಾರಿ ಗುರುತಿನ ಸಂಖ್ಯೆ) ಬೇಕಾಗುವುದಾದರೆ ಮೊದಲ ಭೇಟಿಯಲ್ಲೇ ತಿಳಿಸಿ. ಸಹಿಯಾದ ಮೇಲೆ ಆ ನಂಬರ್ ಕೇಳಿದಾಗ ಎದ್ದುಹೋಗುವವರು ಬಹಳ.

ದುಡ್ಡು ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು ಫಲಿತಾಂಶ ಹಿಂತಿರುಗಿಸುವ ಖರ್ಚಿಗೆ. ಅದಕ್ಕೇ ಬಾರ್ಬರ್ ಜೊತೆಗಿನ ಕರಾರಿನಲ್ಲೇ ತಾರೀಖು ಬರೆದುಬಿಡುತ್ತೇವೆ: ಇಂಥ ದಿನ, ಒಂದು ಪುಟ, ದೊಡ್ಡ ಅಕ್ಷರ, ಪ್ರಯೋಗ ಫಲ ಕೊಡದಿದ್ದರೂ ಸರಿ, ಕನ್ನಡಿಯ ಪಕ್ಕ ಅಂಟಿಸುವುದಕ್ಕೆ.